ಅರಳು ಎಸೆಯುವ ಕವಣೆ

ಮಕ್ಕಳಿಗೆ 'ಬೇಡ' ಎನ್ನುವುದು ಹಿರಿಯರಾದವರಿಗೆ ಬಲು ಸುಲಭವಾದ ಕೆಲಸ. ಏಕೆ ಬೇಡವೆಂಬುದನ್ನು ಬಿಡಿಸಿ ಹೇಳುವುದು ಮಾತ್ರ ಕಷ್ಟ. ಕೆಲವು ಸಲ ಅದು ಎಷ್ಟು ಕಷ್ಟವಾಗುತ್ತದೆಂದರೆ, ಆಯುಷ್ಯದ ಬಹುಭಾಗ ಕಳೆದರೂ ಆ ಮಾತು ಬಾಯಿಗೆ ಬಾರದು. ಕಳೆದ ಬೇಸಗೆಯ ರಜೆಯಲ್ಲಿ ಧಾರವಾಡದ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನು ಓದುಗ ಬಂಧುಗಳ ಮುಂದಿಡಬೇಕೆನಿಸಿದ್ದು ಈ ಕಾರಣದಿಂದಲೇ. ಸಂಗತಿ ಒಂದು ಆಟಿಕೆಯದು; ಅದರ ಬೇರು ಮಾತ್ರ ಬಹಳ ಹಳೆಯದು.

ಬೆಂಗಳೂರಿನಲ್ಲಿರುವ ನಮ್ಮ ಮಗನ ಮಕ್ಕಳು ಪ್ರತಿವರ್ಷವೂ ರಜೆಗೆ ನಮ್ಮಲ್ಲಿಗೆ ಬರುತ್ತಾರೆ. ಮೊಮ್ಮಗನಿಗೆ ಹತ್ತು ವರ್ಷ, ಮೊಮ್ಮಗಳಿಗೆ ಏಳು. ಮನೆಯಲ್ಲಿ ಸಿಗುವ ವಸ್ತುಗಳಿಂದಲೇ ಒಂದು ಸರಳ ಯಂತ್ರವನ್ನು ಮಾಡಿ, ಅದು ಕೆಲಸ ಮಾಡುವ ಬಗೆಯನ್ನು ಬರೆದು ತರಬೇಕೆಂದು ಮೊಮ್ಮಗನ ಶಾಲೆಯಲ್ಲಿ ಹೇಳಿದ್ದರು. ಹುಡುಗ ಬಂದ ದಿನವೇ ತನ್ನ ಚೀಲದಿಂದ ತೊಳೆದು ಒಣಗಿಸಿದ ಐಸ್‌ಕ್ರೀಮ್ ಕಡ್ಡಿಗಳ ಒಂದು ಕಟ್ಟು, ಒಂದು ಹಿಡಿ ರಬ್ಬರ್ ಬ್ಯಾಂಡು, ನೀರಿನ ಬಾಟಲಿಯ ಎರಡು ಮುಚ್ಚಳ ತೆಗೆದು ಪಡಸಾಲೆಯಲ್ಲಿ ಹರಡಿಕೊಂಡು ಕುಳಿತನು. "ಅಜ್ಜಾ, ನಾನು ಕವಣೆ ಮಾಡ್ತೀನಿ. ಚೆಂಡು ಎಸೆಯೋ ಕವಣೆ," ಎಂದನು.

"ಈ ಮನೆಯಲ್ಲಿ ಕವಣೆ ಬೇಡ. ಬೇರೆ ಏನಾದರೂ ಮಾಡು," ಎಂದೆವು ನಾವು.

ನಮ್ಮ ಧ್ವನಿ ಬೇಕಾದುದಕ್ಕಿಂತ ಹೆಚ್ಚು ಗಡುಸಾಗಿತ್ತೆಂದು ಕಾಣುತ್ತದೆ. ಹುಡುಗ ಕಡ್ಡಿಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದನು. ಸೊಸೆ ಅಡುಗೆಮನೆಯಿಂದ ಹೊರಬಂದು, "ಯಾಕ್ರೀ ಮಾವಾ, ಹತ್ತಿ ಉಂಡಿ ಹಾರಿಸೋ ಆಟಗಿ ಅದು," ಎಂದಳು. ನಾವು ಉತ್ತರ ಕೊಡದೆ ಚಪ್ಪಲಿ ಮೆಟ್ಟಿ ಹೊರಗೆ ಹೋದೆವು. ಮೂವತ್ತೈದು ವರ್ಷಗಳ ಹಿಂದೆ ಇದೇ ಪಡಸಾಲೆಯಲ್ಲಿ ನಮ್ಮ ಮಗನಿಗೂ ಇದೇ ಮಾತನ್ನು ಹೇಳಿದ್ದೆವು. ಕವಣೆ, ಬಿಲ್ಲುಬಾಣ, ಚಿನ್ನಿದಾಂಡು, ಇವು ಮೂರೂ ನಮ್ಮ ಮನೆಯಲ್ಲಿ ನಿಷಿದ್ಧವಾಗಿದ್ದವು. ಕಾರಣವನ್ನು ಅವನೂ ಅಂದು ಕೇಳಿದ್ದ. ನಾವು ಅಂದೂ ಹೇಳಿರಲಿಲ್ಲ.

ಮರುದಿನ ನಮ್ಮ ತಮ್ಮ ಊರಿನಿಂದ ಬಂದನು. ಅವನು ನವಲಗುಂದ ಸೀಮೆಯಲ್ಲಿ ಹಿರಿಯರ ಹೊಲವನ್ನು ನೋಡಿಕೊಂಡಿರುವವನು. ಮಕ್ಕಳು ಬಂದಿರುವರೆಂದು ತಿಳಿದು, ಪಂಚಮಿ ಇನ್ನೂ ದೂರವಿದ್ದರೂ ಒಂದು ಡಬ್ಬಿ ತುಂಬ ಜೋಳದ ಅರಳು ಹುರಿಸಿಕೊಂಡು ಬಂದಿದ್ದನು. ಹುಡುಗ ತನ್ನ ದೂರನ್ನು ಸಣ್ಣಜ್ಜನ ಮುಂದೆ ಒಪ್ಪಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ತಮ್ಮ ಎಲ್ಲವನ್ನೂ ಕೇಳಿ, ನಮ್ಮ ಕಡೆ ಒಮ್ಮೆ ನೋಡಿದನು. ಅವನಿಗೆ ಒಂದೇ ಕಣ್ಣು. ಎಡಗಣ್ಣು ಒಂಬತ್ತನೆಯ ವಯಸ್ಸಿನಲ್ಲಿಯೇ ಹೋಗಿದೆ.

"ಅಣ್ಣಾ, ಕೂಸಿಗೆ ಯಾಕ ಬ್ಯಾಡ ಅಂತೀ? ನಾ ಕುಂತು ಮಾಡಿಸ್ತೀನಿ. ನೀನೂ ಬಾ, ಕುಂದರು," ಎಂದನು.

ಅವನು ಕರೆದ ಮೇಲೆ ನಾವು ಒಲ್ಲೆವೆನ್ನುವಂತಿರಲಿಲ್ಲ. ಹೀಗೆ ಆ ಮಧ್ಯಾಹ್ನ ಇಬ್ಬರು ಮುದುಕರು, ಇಬ್ಬರು ಮಕ್ಕಳು ಚಾಪೆಯ ಮೇಲೆ ಕುಳಿತೆವು. ಮಾಡಿದ ಬಗೆಯನ್ನು ಇಲ್ಲಿ ಕ್ರಮವಾಗಿ ಬರೆಯುತ್ತೇವೆ. ಮನೆಯಲ್ಲಿ ಮಕ್ಕಳಿರುವವರಿಗೆ ಉಪಯೋಗವಾದೀತು.

ಮೊದಲು ಒಂಬತ್ತು ಕಡ್ಡಿಗಳನ್ನು ಆರಿಸಬೇಕು. ಈ ಕಡ್ಡಿಗಳು ಸುಮಾರು 11 ಸೆಂ.ಮೀ. ಉದ್ದ, 1 ಸೆಂ.ಮೀ. ಅಗಲ, 2 ಮಿ.ಮೀ. ದಪ್ಪ ಇರುತ್ತವೆ. ಸೀಳು ಬಿಟ್ಟವನ್ನು ತೆಗೆದುಹಾಕಬೇಕು. ಏಳು ಕಡ್ಡಿಗಳನ್ನು ಒಂದರ ಮೇಲೊಂದು ಸರಿಯಾಗಿ ಜೋಡಿಸಿ, ಎರಡೂ ತುದಿಗಳಿಗೆ ರಬ್ಬರ್ ಬ್ಯಾಂಡನ್ನು ನಾಲ್ಕಾರು ಸುತ್ತು ಬಿಗಿಯಬೇಕು. ಇದು ದಿಮ್ಮಿ. ಉಳಿದ ಎರಡು ಕಡ್ಡಿಗಳನ್ನು ಒಂದರ ಮೇಲೊಂದಿಟ್ಟು ಒಂದೇ ತುದಿಯಲ್ಲಿ, ಅಂಚಿನಿಂದ ಒಂದು ಸೆಂಟಿಮೀಟರು ಒಳಗೆ, ಬಿಗಿಯಾಗಿ ಕಟ್ಟಬೇಕು. ಈಗ ಕಟ್ಟದ ತುದಿಯನ್ನು ಮೊಸಳೆಯ ಬಾಯಿಯಂತೆ ತುಸುವೇ ತೆರೆದು, ಅದರೊಳಗೆ ದಿಮ್ಮಿಯನ್ನು ಅಡ್ಡಲಾಗಿ ಸೇರಿಸಿ, ಕಟ್ಟಿದ ತುದಿಯ ಕಡೆಗೆ ಸರಿಸಬೇಕು. ದಿಮ್ಮಿಯೂ ಕಡ್ಡಿಗಳೂ ಕೂಡುವಲ್ಲಿ ಇನ್ನೊಂದು ರಬ್ಬರ್ ಬ್ಯಾಂಡನ್ನು ಗುಣಾಕಾರದ ಗುರುತಿನಂತೆ ಎರಡೂ ಕಡೆಯಿಂದ ಅಡ್ಡಹಾಯಿಸಿ ಸುತ್ತಿದರೆ ಎಲ್ಲವೂ ಅಲುಗದೆ ನಿಲ್ಲುತ್ತದೆ.

ಕೊನೆಯದಾಗಿ ಮೇಲಿನ ಕಡ್ಡಿಯ ಬಿಡು ತುದಿಗೆ ಬಾಟಲಿಯ ಮುಚ್ಚಳವನ್ನು ಬಟ್ಟಲಿನಂತೆ ಅಂಗಾತವಾಗಿ ಅಂಟಿಸಬೇಕು. ಇಲ್ಲಿ ನಾವೊಂದು ತಪ್ಪು ಮಾಡಿದೆವು. ಮರಕ್ಕೆ ಹಚ್ಚುವ ಬಿಳಿಯ ಗೋಂದನ್ನು ಬಳಸಿದೆವು. ಅದು ಪ್ಲಾಸ್ಟಿಕ್ಕನ್ನು ಗಟ್ಟಿಯಾಗಿ ಹಿಡಿಯದು. ಮೊದಲ ಎಸೆತದಲ್ಲಿಯೇ ಅರಳಿನ ಜೊತೆಗೆ ಮುಚ್ಚಳವೂ ಹಾರಿತು. ಎರಡೂ ಬದಿ ಅಂಟುವ ಟೇಪನ್ನು ಹಚ್ಚಿದ ಮೇಲೆ ಸರಿಹೋಯಿತು. ಕೆಳಗಿನ ಕಡ್ಡಿಯನ್ನು ಒಂದು ಕೈಯಿಂದ ನೆಲಕ್ಕೆ ಒತ್ತಿ ಹಿಡಿದು, ಇನ್ನೊಂದು ಕೈಯ ಬೆರಳಿನಿಂದ ಮುಚ್ಚಳವನ್ನು ಕೆಳಗೆ ಬಗ್ಗಿಸಿ ಬಿಟ್ಟರೆ ಒಳಗಿನ ವಸ್ತು ಹಾರುತ್ತದೆ.

ಏನನ್ನು ಹಾರಿಸುವುದು ಎಂಬ ಪ್ರಶ್ನೆ ಬಂದಾಗ ತಮ್ಮ ಅರಳಿನ ಡಬ್ಬಿಯ ಮುಚ್ಚಳ ತೆಗೆದನು. ಜೋಳದ ಅರಳು ಹಗುರ, ಮೆತ್ತಗೆ. ಯಾರ ಮೈಗೆ ತಾಗಿದರೂ ನೋವಾಗದು, ಬಿದ್ದದ್ದನ್ನು ಗುಬ್ಬಿಗಳು ತಿನ್ನುತ್ತವೆ.

ಮೊಮ್ಮಗನ ಸರದಿ, ಮೊಮ್ಮಗಳ ಸರದಿ ಮುಗಿದು ತಮ್ಮನ ಸರದಿ ಬಂದಿತು. ಅವನು ನೆಲಕ್ಕೆ ಬಗ್ಗಿ, ಎದುರಿಗಿಟ್ಟ ಬುಟ್ಟಿಗೆ ಗುರಿಯಿಟ್ಟನು. ಹುಡುಗ, "ಸಣ್ಣಜ್ಜಾ, ಗುರಿ ಇಡುವಾಗ ಒಂದು ಕಣ್ಣು ಮುಚ್ಚಬೇಕು," ಎಂದನು. ತಮ್ಮ ನಕ್ಕು, "ನಂದು ಮೊದಲ ಮುಚ್ಚೇತಿ, ತಮ್ಮಾ," ಎಂದನು. ಅರಳು ಬುಟ್ಟಿಗೆ ಬಿದ್ದಿತು. ಮೊಮ್ಮಗಳು ಚಪ್ಪಾಳೆ ತಟ್ಟಿ, ಮಕ್ಕಳು ಮಾತ್ರ ಕೇಳಬಲ್ಲ ರೀತಿಯಲ್ಲಿ ಕೇಳಿದಳು: "ನಿಮ್ಮ ಕಣ್ಣಿಗೆ ಏನಾಯ್ತು?"

"ಸಣ್ಣಾಂವ ಇದ್ದಾಗ ಜೋಳದ ದಂಟು ಬಡದಿತ್ತವಾ," ಎಂದನು ತಮ್ಮ. ಜೀವಮಾನವೆಲ್ಲ ಕೇಳಿದವರಿಗೆಲ್ಲ ಅವನು ಹೇಳಿಕೊಂಡು ಬಂದಿರುವ ಉತ್ತರವಿದು. ಎಂದಿನಂತೆ ನಾವು ಸುಮ್ಮನಿರಬಹುದಾಗಿತ್ತು. ಏಕೋ ಅಂದು ಆಗಲಿಲ್ಲ.

"ದಂಟಲ್ಲ. ಕಲ್ಲು. ನಾನು ಬೀಸಿದ ಕಲ್ಲು," ಎಂದೆವು.

ಅದು 1966ರ ಜನವರಿ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಬಂದು ಹೆಚ್ಚು ದಿನಗಳಾಗಿರಲಿಲ್ಲ. ಹಿಂಗಾರಿಯ ಬಿಳಿಜೋಳ ಹಾಲುಗಾಳಾಗಿ ನಿಂತಿತ್ತು. ಗುಬ್ಬಿ, ಗಿಳಿಗಳ ಹಿಂಡು ತೆನೆಗೆ ಮುತ್ತುವ ಕಾಲ. ಹೊಲದ ನಡುವೆ ಕಟ್ಟಿದ ಅಟ್ಟಣಿಗೆಯ ಮೇಲೆ ನಿಂತು ಹಕ್ಕಿ ಕಾಯುವುದು ನಮ್ಮಿಬ್ಬರ ಕೆಲಸ. ನಮಗೆ ಹನ್ನೆರಡು ವರ್ಷ, ತಮ್ಮನಿಗೆ ಒಂಬತ್ತು. ತಂದೆಯವರು ಪುಂಡಿನಾರಿನಿಂದ ಹೊಸೆದ ಕವಣೆ ನಮ್ಮ ಕೈಯಲ್ಲಿತ್ತು. ನಡುವೆ ಅಂಗೈಯಗಲದ ಹೆಣಿಗೆ, ಅದರ ಎರಡು ಬದಿಗೆ ಎರಡು ಹಗ್ಗ. ಒಂದು ಹಗ್ಗದ ಕುಣಿಕೆಯನ್ನು ಬೆರಳಿಗೆ ಸಿಕ್ಕಿಸಿ, ಇನ್ನೊಂದರ ತುದಿಯನ್ನು ಹಿಡಿದು, ತಲೆಯ ಮೇಲೆ ತಿರುವಿ, ತಕ್ಕ ಕ್ಷಣದಲ್ಲಿ ಹಿಡಿದ ತುದಿಯನ್ನು ಬಿಡಬೇಕು. ಅದಕ್ಕೆ ಹಾಕುವುದು ಎರೆಮಣ್ಣಿನ ಹೆಂಟೆ ಮಾತ್ರ ಎಂದು ತಂದೆಯವರು ಕಟ್ಟಪ್ಪಣೆ ಮಾಡಿದ್ದರು. ಹೆಂಟೆ ದಂಟಿಗೆ ತಾಗಿ ಪುಡಿಯಾಗುತ್ತದೆ, ಸದ್ದಿಗೆ ಹಕ್ಕಿ ಏಳುತ್ತದೆ. ಹಕ್ಕಿಯನ್ನು ಎಬ್ಬಿಸಬೇಕೇ ಹೊರತು ಕೊಲ್ಲಬಾರದು ಎಂಬುದು ಅವರ ನಿಯಮ.

ನಮಗೆ ಮಾತ್ರ ಹೆಂಟೆ ಸಾಲದಾಯಿತು. ಬೆಣ್ಣೆಹಳ್ಳದ ದಂಡೆಯಿಂದ ನುಣುಪಾದ ಕಲ್ಲುಗಳನ್ನು ಆರಿಸಿ ಕಿಸೆಗೆ ತುಂಬಿಕೊಂಡು ಹೋಗಿದ್ದೆವು. ಕವಣೆಯ ಕಲ್ಲು ನಾವು ನೋಡಿದತ್ತ ಹೋಗದು. ಬಿಟ್ಟ ಕ್ಷಣದಲ್ಲಿ ಅದು ಯಾವ ದಿಕ್ಕಿಗೆ ಸಾಗುತ್ತಿತ್ತೋ ಆ ನೇರಕ್ಕೆ ಹೋಗುತ್ತದೆ. ಈ ಸತ್ಯವನ್ನು ಪುಸ್ತಕದಲ್ಲಿ ಓದಿದ್ದು ಅನಂತರ. ಅಂದು ಹಗ್ಗ ಒಂದು ಕ್ಷಣ ಮೊದಲೇ ಬೆರಳಿನಿಂದ ಜಾರಿತು. ಕಲ್ಲು ಅಡ್ಡಹಾರಿತು. ತಮ್ಮ ಪಕ್ಕದಲ್ಲಿ ನಿಂತಿದ್ದನು.

ಅವನು ಅತ್ತದ್ದಕ್ಕಿಂತ ಹೆಚ್ಚು ನಾವು ಅತ್ತೆವು. ಅಪ್ಪನಿಗೆ ಹೇಳಬೇಡವೆಂದು ಅವನ ಕಾಲು ಹಿಡಿದೆವು. ಒಂಬತ್ತು ವರ್ಷದ ಆ ಹುಡುಗ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡೇ ತಲೆಯಾಡಿಸಿದನು. ಮನೆಗೆ ಬಂದು, "ಜೋಳದ ದಂಟು ಬಡೀತು," ಎಂದನು. ದಂಟು ತಾಗಿದ ಕಣ್ಣಿಗೆ ಮನೆಯ ಮದ್ದು ಸಾಕೆಂದು ಎಲ್ಲರೂ ತಿಳಿದರು. ಸೊಪ್ಪಿನ ರಸ ಹಿಂಡಿದರು, ಬಟ್ಟೆ ಕಟ್ಟಿದರು. ಮೂರು ದಿನ ಹೀಗೆಯೇ ಕಳೆಯಿತು. ನಾಲ್ಕನೆಯ ದಿನ ಹುಬ್ಬಳ್ಳಿಗೆ ಕರೆದೊಯ್ದಾಗ ವೈದ್ಯರು, "ಒಳಗೆ ರಕ್ತ ಕಟ್ಟಿದೆ, ಕೀವೂ ಆಗಿದೆ. ಪೆಟ್ಟು ಬಿದ್ದ ದಿನವೇ ತಂದಿದ್ದರೆ ಪ್ರಯತ್ನಿಸಿ ನೋಡಬಹುದಾಗಿತ್ತು," ಎಂದರಂತೆ. ಆ ಮಾತನ್ನು ತಂದೆಯವರು ತಾಯಿಗೆ ಹೇಳುತ್ತಿದ್ದಾಗ ನಾವು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡೆವು. ಆಗಲೂ ಬಾಯಿ ಬಿಡಲಿಲ್ಲ. ತಂದೆಯವರು ಆ ದಂಟನ್ನೇ ನಂಬಿಕೊಂಡು ಲಿಂಗೈಕ್ಯರಾದರು.

ಇದನ್ನೆಲ್ಲ ನಾವು ಆ ಮಧ್ಯಾಹ್ನ ಮಕ್ಕಳಿಗೆ ತಿಳಿಯುವಷ್ಟು ಮಾತುಗಳಲ್ಲಿ ಹೇಳಿದೆವು. ನಮ್ಮ ಮನೆಯವರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದುದು ತಡವಾಗಿ ಗಮನಕ್ಕೆ ಬಂದಿತು. ಬಹಳ ಹೊತ್ತು ಅವರು ಏನೂ ಅನ್ನಲಿಲ್ಲ. ಅನಂತರ, "ಎಲ್ಲಿ ಹೋದರೂ ಮೈದುನರ ಎಡಗಡೆಗೇ ನಡೀತಿದ್ದಿರಿ. ಅದು ಇದಕ್ಕೇನು?" ಎಂದರು. ನಾವು ಅದನ್ನು ಲೆಕ್ಕವಿಟ್ಟು ಮಾಡಿದ್ದಲ್ಲ. ಆದರೆ ಅವರೆಂದದ್ದು ನಿಜ. ಕಾಣದ ಬದಿಯಲ್ಲಿ ನಡೆಯುವುದು ನಮಗೆ ರೂಢಿಯಾಗಿಬಿಟ್ಟಿತ್ತು.

ತಮ್ಮ ಕವಣೆಯನ್ನು ಕೈಯಲ್ಲಿ ತಿರುಗಿಸಿ ನೋಡುತ್ತ ಕುಳಿತಿದ್ದನು. "ಕಲ್ಲ ಬಡದದ್ದು ನನಗ ಸಿಟ್ಟಿಲ್ಲ, ಅಣ್ಣಾ. ಅದು ಕೈ ಜಾರಿದ್ದು. ಮೂರು ದಿನ ಸುಮ್ಮನಿದ್ವಲ್ಲ, ಇಬ್ಬರೂ, ಅದು ತಪ್ಪು. ಅಪ್ಪ ಹೊಡೀತಾನ ಅಂತ ಅಂಜಿದ್ವಿ. ಹೇಳಿದ್ರ ಏನೂ ಅನ್ನೂದಿಲ್ಲ ಅಂತ ಮೊದಲ ಗೊತ್ತಿದ್ರ, ಹೇಳತಿದ್ವೇನೋ," ಎಂದನು.

ಅಷ್ಟೇ. ಮತ್ತೆ ಆ ಮಾತನ್ನು ಅವನು ಎತ್ತಲಿಲ್ಲ. "ಬರ್ರಿ, ಇನ್ನ ಎಷ್ಟ ದೂರ ಹೋಗ್ತೈತಿ ನೋಡೂಣು," ಎಂದು ಮಕ್ಕಳನ್ನು ಕರೆದನು.

ಆ ಸಂಜೆಯೂ ಮರುದಿನವೂ ಪಡಸಾಲೆ ಪ್ರಯೋಗಶಾಲೆಯಾಯಿತು. ದಿಮ್ಮಿಯಲ್ಲಿ ಕಡ್ಡಿಗಳ ಸಂಖ್ಯೆಯನ್ನು ಬದಲಿಸಿ, ಪ್ರತಿಯೊಂದರಲ್ಲಿಯೂ ಕಾಗದದ ಉಂಡೆಯನ್ನು ಐದು ಸಲ ಎಸೆದು, ದೂರವನ್ನು ಅಳೆದು ಸರಾಸರಿ ತೆಗೆಯಬೇಕೆಂದು ಮೊಮ್ಮಗನಿಗೆ ಹೇಳಿದೆವು. ಮೂರು ಕಡ್ಡಿಯ ದಿಮ್ಮಿಗೆ 4 ಅಡಿ, ಐದು ಕಡ್ಡಿಗೆ ಆರೂವರೆ ಅಡಿ, ಏಳು ಕಡ್ಡಿಗೆ 9 ಅಡಿ ಬಂದಿತು. ಒಂಬತ್ತು ಕಡ್ಡಿಗೆ ಇನ್ನೂ ದೂರ ಹೋಗುವುದೆಂದು ಹುಡುಗ ಕಾದಿದ್ದ. ಎರಡನೆಯ ಎಸೆತಕ್ಕೆ ಮೇಲಿನ ಕಡ್ಡಿ ಚಟ್ಟನೆ ಮುರಿಯಿತು. "ಬರೆದುಕೋ, ಮುರಿದದ್ದೂ ಒಂದು ಫಲಿತಾಂಶವೇ," ಎಂದೆವು.

ಇದರ ತತ್ತ್ವ ಸರಳ. ಹಾರೆಕೋಲಿನಿಂದ ಬಂಡೆಯನ್ನು ಮೀಟುವಾಗ ಅಡಿಯಲ್ಲಿಡುವ ಕಲ್ಲಿನಂತೆ ಇಲ್ಲಿಯ ದಿಮ್ಮಿ. ಮೇಲಿನ ಕಡ್ಡಿಯೇ ಸನ್ನೆ. ಹಿಂದೆ ಬಾವಿಯಿಂದ ನೀರೆತ್ತುತ್ತಿದ್ದ ಏತ, ಅಡಕೆ ಕತ್ತರಿಸುವ ಅಡಕತ್ತರಿ, ಇವೂ ಸನ್ನೆಯ ಬಂಧುಗಳೇ. ನಾವು ಮುಚ್ಚಳವನ್ನು ಬಗ್ಗಿಸಿದಾಗ ನಮ್ಮ ಬೆರಳಿನ ಬಲ ಬಾಗಿದ ಕಡ್ಡಿಯಲ್ಲಿಯೂ ಹಿಗ್ಗಿದ ರಬ್ಬರಿನಲ್ಲಿಯೂ ಪ್ರಚ್ಛನ್ನ ಶಕ್ತಿಯಾಗಿ ಕೂಡಿಕೊಳ್ಳುತ್ತದೆ. ಬಿಟ್ಟಾಗ ಚಲನ ಶಕ್ತಿಯಾಗಿ ಹೊರಬರುತ್ತದೆ. ದಿಮ್ಮಿ ದಪ್ಪವಾದಷ್ಟೂ ಕಡ್ಡಿ ಹೆಚ್ಚು ಬಾಗಬೇಕಾಗುತ್ತದೆ, ಹೆಚ್ಚು ಶಕ್ತಿ ಕೂಡುತ್ತದೆ. ಆದರೆ ಬಾಗುವುದಕ್ಕೂ ಒಂದು ಮಿತಿಯುಂಟು.

ಹತ್ತಿಯ ಉಂಡೆ ಅರಳಿಗಿಂತ ಹಗುರವಾಗಿದ್ದರೂ ಅಷ್ಟು ದೂರ ಹೋಗದಿದ್ದುದು ಮಕ್ಕಳಿಗೆ ಸೋಜಿಗವೆನಿಸಿತು. ಹತ್ತಿ ಹಗುರವಾಗಿ ಹರಡಿಕೊಂಡಿರುವುದರಿಂದ ಗಾಳಿ ಅದನ್ನು ಬೇಗ ತಡೆಯುತ್ತದೆ. ಅದನ್ನೇ ನೀರಿನಲ್ಲಿ ಅದ್ದಿ ಹಿಂಡಿ ಉಂಡೆ ಕಟ್ಟಿ ಎಸೆದಾಗ ಇನ್ನೂ ದೂರ ಹೋಯಿತು. ಗಾಳಿಯ ತಡೆಯೇ ಇಲ್ಲವೆಂದುಕೊಂಡರೆ, ಸಮನೆಲದಿಂದ ಎಸೆದ ವಸ್ತು 45 ಡಿಗ್ರಿ ಕೋನದಲ್ಲಿ ಅತಿ ದೂರ ಹೋಗುತ್ತದೆಂಬುದನ್ನೂ ಹುಡುಗ ತನ್ನ ವಹಿಯಲ್ಲಿ ಬರೆದುಕೊಂಡನು.

ಯಂತ್ರದ ಚರಿತ್ರೆಯನ್ನೂ ನಾಲ್ಕು ಸಾಲು ಸೇರಿಸೋಣವೆಂದೆವು. ಮಗಧದ ಅಜಾತಶತ್ರು ವೈಶಾಲಿಯ ಮೇಲೆ ಯುದ್ಧಕ್ಕೆ ಹೋದಾಗ ಕಲ್ಲೆಸೆಯುವ 'ಮಹಾಶಿಲಾಕಂಟಕ'ವೆಂಬ ಯಂತ್ರವನ್ನು ಬಳಸಿದನೆಂದು ಜೈನ ಪರಂಪರೆ ಹೇಳುತ್ತದೆ. ಗ್ರೀಕರಲ್ಲಿ ಸಿರಾಕ್ಯೂಸ್ ನಗರದ ಅರಸ ಡಯೊನೀಷಿಯಸನು ಕ್ರಿ.ಪೂ. 399ರಲ್ಲಿ ಕುಶಲಕರ್ಮಿಗಳನ್ನು ಕೂಡಿಸಿ ಎಸೆಯುವ ಯಂತ್ರಗಳನ್ನು ಮಾಡಿಸಿದನು. ಕೋಟೆಗಳನ್ನು ಒಡೆಯಲು ಹುಟ್ಟಿದ ವಿದ್ಯೆ ನಮ್ಮ ಪಡಸಾಲೆಯಲ್ಲಿ ಅರಳು ಹಾರಿಸುತ್ತಿತ್ತು. ವಿದ್ಯೆಯಲ್ಲಿ ದೋಷವಿರಲಿಲ್ಲ. ಏನನ್ನು ಹಾಕಿ, ಯಾರ ಕಡೆಗೆ, ಯಾರ ಕಣ್ಣಳತೆಯಲ್ಲಿ ಎಸೆಯುತ್ತೇವೆಂಬುದೇ ಮುಖ್ಯ.

ಮೂರನೆಯ ದಿನ ಮಕ್ಕಳು ಒಂದು ರಟ್ಟಿನ ಮೇಲೆ ನಿಯಮಗಳನ್ನು ಬರೆದು ಗೋಡೆಗೆ ತೂಗುಹಾಕಿದರು. ಮೊದಲನೆಯದು, ಕಲ್ಲು, ಗೋಲಿ, ಗುಂಡಿ, ಬೀಜ, ಹೀಗೆ ಗಟ್ಟಿಯಾದ ಯಾವುದನ್ನೂ ಮುಚ್ಚಳಕ್ಕೆ ಹಾಕಬಾರದು. ಎರಡನೆಯದು, ಎದುರಿಗಾಗಲಿ ಪಕ್ಕಕ್ಕಾಗಲಿ ಯಾರೂ ನಿಂತಿರಬಾರದು. ಎಸೆಯುವವರು ತಮ್ಮ ಮುಖವನ್ನೂ ಕವಣೆಯ ಮೇಲೆ ಬಗ್ಗಿಸಬಾರದು. ಮೂರನೆಯದು, ಸೀಳಿದ ಕಡ್ಡಿ, ಹಳತಾಗಿ ಬಿರುಕು ಬಿಟ್ಟ ರಬ್ಬರ್ ಬ್ಯಾಂಡನ್ನು ಕೂಡಲೇ ಎಸೆಯಬೇಕು. ನಾಲ್ಕನೆಯದನ್ನು ನಮ್ಮ ಮಾತಿನಂತೆ ಮೊಮ್ಮಗಳು ತನ್ನ ದೊಡ್ಡ ದೊಡ್ಡ ಅಕ್ಷರಗಳಲ್ಲಿ ಬರೆದಳು: 'ಏನಾದರೂ ಆದರೆ ಕೂಡಲೇ ಹೇಳಬೇಕು. ಹೇಳಿದವರನ್ನು ಯಾರೂ ಬೈಯಬಾರದು.'

ಬಂಧುಗಳಲ್ಲಿ ಒಂದು ವಿನಂತಿ. ಆಟದಲ್ಲಿ ಮಗುವಿನ ಕಣ್ಣಿಗೆ ಪೆಟ್ಟು ಬಿದ್ದರೆ ಉಜ್ಜಬೇಡಿ, ಒತ್ತಬೇಡಿ, ರಸವನ್ನಾಗಲಿ ಎಣ್ಣೆಯನ್ನಾಗಲಿ ಹಾಲನ್ನಾಗಲಿ ಹಾಕಬೇಡಿ. ಒಳಗೆ ಏನಾದರೂ ನೆಟ್ಟಿದ್ದರೆ ಅದನ್ನು ಕೀಳಲು ಹೋಗಬೇಡಿ. ಕಣ್ಣಿಗೆ ತಾಗದಂತೆ ಕಾಗದದ ಲೋಟವೊಂದನ್ನು ಮರೆಯಾಗಿ ಹಿಡಿದು, ಅಂದೇ, ಆಗಲೇ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಿರಿ. ಮೇಲೆ ಗಾಯ ಕಾಣದಿದ್ದರೂ ಒಳಗೆ ಹಾನಿಯಾಗಿರಬಹುದು. ಏನು ತಾಗಿತೆಂಬ ನಿಜವನ್ನು ಮಗು ಹೇಳಬಲ್ಲಂತಹ ಮನೆ ನಿಮ್ಮದಾಗಿರಲಿ.

ತಮ್ಮ ಊರಿಗೆ ಹೊರಟ ದಿನ ಮೊಮ್ಮಗನು ಒಂದು ಕವಣೆಯನ್ನು ಕಾಗದದಲ್ಲಿ ಸುತ್ತಿ ಅವನ ಚೀಲದಲ್ಲಿಟ್ಟನು. ನಾವು ಬಸ್ ನಿಲ್ದಾಣದವರೆಗೆ ಜೊತೆಗೆ ಹೋದೆವು. ದಾರಿಯಲ್ಲಿ ನಮಗೆ ತಿಳಿಯದಂತೆಯೇ ಮತ್ತೆ ಅವನ ಎಡಬದಿಗೆ ಸರಿದಿದ್ದೆವು. ಅವನು ನಮ್ಮ ರಟ್ಟೆ ಹಿಡಿದು ಬಲಕ್ಕೆ ಎಳೆದುಕೊಂಡು, "ಈ ಕಡೆ ಬಾರೋ ಅಣ್ಣಾ, ನಿನ್ನ ಮಾರಿ ಕಾಣಸವಲ್ಲದು," ಎಂದನು.

ಬೇಡವೆನ್ನುವ ಮೊದಲು ಮಗುವಿನ ಪಕ್ಕದಲ್ಲಿ ಒಂದು ತಾಸು ಕುಳಿತು ನೋಡಿರಿ ಎಂಬುದಷ್ಟೇ ನಮ್ಮ ಪ್ರಾರ್ಥನೆ. ಒಂಬತ್ತು ಕಡ್ಡಿ, ನಾಲ್ಕು ರಬ್ಬರ್ ಬ್ಯಾಂಡು, ಒಂದು ಮುಚ್ಚಳ, ಒಂದು ಹಿಡಿ ಅರಳು. ಇಷ್ಟಕ್ಕೆ ತಗಲುವ ಖರ್ಚು ಅತ್ಯಲ್ಪ. ನಮಗೆ ಅದರಿಂದ ದೊರೆತದ್ದು ಬಹಳ.